ಸುಂದ್ರವ್ವನ ಬಾಯಿರುಚಿ

ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಹೆಡ್ ನರ್ಸ್ ಆಗಿ ನಿವೃತ್ತಳಾದೆ. ಸತ್ತವರ ಕೆಮ್ಮು ವಾರ್ಡಿನಲ್ಲಿ ಕೇಳಿತು ಎಂದು ಓಡಿಬಂದ ಆಯಾಗಳನ್ನು ಗದರಿಸಿ ಕೆಲಸಕ್ಕೆ ಕಳಿಸಿದ್ದೇನೆ. ಹೆಣವಿದ್ದ ಕೋಣೆಯ ಪಕ್ಕದಲ್ಲೇ ಕುಳಿತು ಡಬ್ಬಿ ಬಿಚ್ಚಿ ಊಟ ಮಾಡಿದ್ದೇನೆ. ಒಬ್ಬರ ನೋವು ಅವರ ಚರ್ಮದೊಳಗೇ ಇರುತ್ತದೆ; ಹೊರಗೆ ನಿಂತವರು ಔಷಧ ಕೊಡಬಹುದು, ಮೈ ಒರೆಸಬಹುದು, ಅಷ್ಟೇ. ಇದು ನಾನು ಕಲಿತದ್ದು, ಕಿರಿಯ ನರ್ಸುಗಳಿಗೆ ಕಲಿಸಿದ್ದು. ಈಗಲೂ ಬಹುಮಟ್ಟಿಗೆ ಹಾಗೆಯೇ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಅಥಣಿಯಲ್ಲಿ ನನಗಾದ ಒಂದು ಅನುಭವ ಮಾತ್ರ ಈ ನಂಬಿಕೆಯೊಳಗೆ ಎಲ್ಲಿಯೂ ಕೂಡುವುದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ತೀರ್ಮಾನ ಓದುವವರಿಗೆ ಬಿಟ್ಟದ್ದು.

ನಿವೃತ್ತಿಯ ನಂತರವೂ ನನ್ನ ದಿನಚರಿ ಡ್ಯೂಟಿಯಲ್ಲಿದ್ದಾಗಿನಂತೆಯೇ ಇತ್ತು. ಬೆಳಕು ಹರಿಯುವ ಮೊದಲು ಏಳುವುದು, ಹಿಂದಿನ ದಿನ ನೆನೆಹಾಕಿದ ಮೆಂತೆಕಾಳು ಅಗಿದು ನುಂಗುವುದು, ನಡಿಗೆ, ಸ್ನಾನ, ಅಡುಗೆ. ರಕ್ತದಲ್ಲಿ ಸಕ್ಕರೆ ಏರತೊಡಗಿದ್ದರಿಂದ ಸಿಹಿ ಬಿಟ್ಟಿದ್ದೆ. ಅಡುಗೆಗೆ ಉಪ್ಪನ್ನೂ ಖಾರವನ್ನೂ ಚಮಚದಿಂದ ಅಳೆದೇ ಹಾಕುವವಳು ನಾನು. "ಇದು ಮನಿ ಅಡಗಿ ಅಲ್ಲ, ಮಿಲಿಟರಿ ಮೆಸ್ ಐತಿ" ಎಂದು ನಮ್ಮ ಯಜಮಾನರು ಆಗಾಗ ಕಾಡಿಸುತ್ತಿದ್ದರು.

ಕೊರೋನಾದ ಗದ್ದಲವೆಲ್ಲ ಇಳಿದ ಮೇಲೆ ಮೇಘನಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಊರು ಕಾಗವಾಡ. ಮನಃಶಾಸ್ತ್ರ ಓದಿ, ಮಿರಜದ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳ ಜೊತೆ ಕೆಲಸ ಮಾಡುತ್ತಿದ್ದಳು. ಆಪರೇಷನ್ ಮುಗಿಸಿ ಊರಿಗೆ ಮರಳಿದವರ ಗಾಯವನ್ನು ಯಾರಾದರೂ ನೋಡುತ್ತಾರೆ, ಒಳಗಿನ ಅಂಜಿಕೆಯನ್ನು ಯಾರೂ ನೋಡುವುದಿಲ್ಲ ಎಂಬುದು ಅವಳ ಮಾತು. ಮಿರಜದವರೆಗೆ ಬರಲಾಗದವರಿಗಾಗಿ ವಾರಕ್ಕೊಮ್ಮೆ ಅಥಣಿಯಲ್ಲೇ ಒಂದು ತರಗತಿ ನಡೆಸಬೇಕೆಂದಿದ್ದಳು. ಒಂದು ಮಂಗಲ ಕಾರ್ಯಾಲಯದವರು ಮದುವೆ ಇಲ್ಲದ ದಿನ ವಧುವಿನ ಕೋಣೆಯನ್ನು ಬಿಟ್ಟುಕೊಟ್ಟರು. ಚಾಪೆ ಹಾಸುವುದು, ಬಿ.ಪಿ. ನೋಡುವುದು, ತ್ರಾಣವಿಲ್ಲದವರನ್ನು ಗೋಡೆಗೆ ಒರಗಿಸಿ ಕೂರಿಸುವುದು, ಸಮಯಕ್ಕೆ ಸರಿಯಾಗಿ ಶುರು ಮಾಡಿಸುವುದು ನನ್ನ ಕೆಲಸ. ಕುಂಕುಮದ ಬೆರಳಚ್ಚು ಉಳಿದ ಗೋಡೆ, ನಿಲುವುಗನ್ನಡಿ, ಅದರೆದುರು ತಲೆಗೂದಲು ಉದುರಿದ ಮಂದಿ. ಮೊದಲ ದಿನವೇ ಆ ಕನ್ನಡಿಗೆ ನಾನೊಂದು ಚಾದರ ಕಟ್ಟಿದೆ.

ಈ ಪದ್ಧತಿಗೆ ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಮೇಘನಾ ಅದನ್ನು 'ಲಕ್ಷ್ಯ ಇಡೋದು' ಎಂದು ಸರಳ ಮಾಡಿದ್ದಳು. ಉಸಿರು ಬರುವುದನ್ನು, ಹೋಗುವುದನ್ನು ಸುಮ್ಮನೆ ಗಮನಿಸಬೇಕು. ಪಾದದಿಂದ ನೆತ್ತಿಯವರೆಗೆ ಮೈಯನ್ನು ಮನಸ್ಸಿನಿಂದಲೇ ತಡವಬೇಕು. ಭಯ ಬಂದರೆ ಓಡಿಸಬಾರದು, ಅದರ ಬೆನ್ನು ಹತ್ತಲೂಬಾರದು. ಬಂದಿದೆ ಎಂದು ನೋಡಬೇಕು. ಕಾಯಿಲೆ ಇದರಿಂದ ವಾಸಿಯಾಗುವುದಿಲ್ಲ ಎಂದು ಅವಳು ಪ್ರತಿ ಸಲವೂ ಸ್ಪಷ್ಟವಾಗಿ ಹೇಳುತ್ತಿದ್ದಳು. ಆ ಪ್ರಾಮಾಣಿಕತೆಗಾಗಿಯೇ ನಾನು ಅವಳ ಜೊತೆ ನಿಂತೆ. ಕಾಗವಾಡದಿಂದಲೇ ಬರುತ್ತಿದ್ದ ಅಪ್ಪಾಸಾಹೇಬ ಎಂಬ ನಿವೃತ್ತ ಬಸ್ ಕಂಡಕ್ಟರ್ ಮೊದಲ ದಿನ, "ಬರೂದು ಹೋಗೂದು ಲಕ್ಷ್ಯ ಇಟ್ಟು ನೋಡೂದs ನನ್ನ ನೌಕರಿ ಆಗಿತ್ರಿ ಮ್ಯಾಡಮ್. ಆಗರ ಪಗಾರ ಕೊಡತಿದ್ರು, ನೀವೇನ್ ಕೊಡತೀರಿ?" ಎಂದು ಎಲ್ಲರನ್ನೂ ನಗಿಸಿದ. ಅವನಿಗೆ ಹೊಟ್ಟೆಯ ಕ್ಯಾನ್ಸರ್.

ಸುಂದ್ರವ್ವ ಬರುತ್ತಿದ್ದುದು ಐಗಳಿಯಿಂದ. ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಆರಿಸುವ ಕೆಲಸ ಮಾಡಿಕೊಂಡೇ ಮಗನನ್ನು ಸಾಕಿದವಳು. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಎನ್ನುತ್ತಾರೆ. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಚಟ ಆಕೆಗೆ ಸಣ್ಣಂದಿನಿಂದಲೂ ಇತ್ತು. ಒಸಡಿನಲ್ಲಿ ಎದ್ದ ಹುಣ್ಣು ದವಡೆಗೆ ಇಳಿದಿತ್ತು. ಒಂದು ಪಕ್ಕದ ದವಡೆ ತೆಗೆದು, ಕರೆಂಟ್ ಕೊಟ್ಟಿದ್ದರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಹಾಗೆನ್ನುತ್ತಾರೆ. ಅದಾದ ಮೇಲೆ ಆಕೆಯ ಬಾಯಿಗೆ ರುಚಿ ಎಂಬುದೇ ಇರಲಿಲ್ಲ. "ಏನ್ ತಿಂದರೂ ಮಣ್ಣು ತಿಂದಂಗ ಆಗತೈತ್ರಿ ಅಕ್ಕಾರ" ಎನ್ನುತ್ತಿದ್ದಳು. ಅದು ಸಾಲದೆಂಬಂತೆ ಗಂಟು ಕುತ್ತಿಗೆಯಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಇನ್ನು ನೋವಿಗೆ ಗುಳಿಗೆ ಮಾತ್ರ ಎಂದು ಆಸ್ಪತ್ರೆಯವರು ಹೇಳಿದ್ದರು. ಆಕೆಗೂ ಅದು ಗೊತ್ತಿತ್ತು.

ಮನೆಯಲ್ಲಿ ಆಕೆಯ ತಾಟು ಬೇರೆ, ಲೋಟ ಬೇರೆ, ಮಲಗುವುದು ಅಂಗಳದಾಚೆಯ ಕೋಣೆಯಲ್ಲಿ. ಇದು ಅಂಟುವ ರೋಗವಲ್ಲ ಎಂದು ನಾನು ಒಮ್ಮೆ ಐಗಳಿಗೆ ಹೋದಾಗ ಸೊಸೆ ಶೋಭಾಳಿಗೆ ಬಿಡಿಸಿ ಹೇಳಿದೆ. ಅವಳು ಕೆಟ್ಟವಳಲ್ಲ. ಹೊತ್ತು ಹೊತ್ತಿಗೆ ಅಂಬಲಿ ಕಾಯಿಸಿ ಕೊಡುತ್ತಿದ್ದಳು, ವಾಸನೆ ಬರುವ ಬಟ್ಟೆಗಳನ್ನು ಒಗೆಯುತ್ತಿದ್ದಳು. "ಹೌದ್ರಿ ಅಕ್ಕಾರ, ತಿಳೀತೈತ್ರಿ. ಖರೆ ಸಣ್ಣ ಕೂಸ ಐತಿ, ಜೀವ ಅಂಜತೈತಿ" ಎಂದಳು. ತಾಟು ಬೇರೆಯೇ ಉಳಿಯಿತು.

ಸುಂದ್ರವ್ವನ ಅಂಜಿಕೆ ಬೇರೆಯೇ ಆಗಿತ್ತು. ಭಯವನ್ನು ಹೆಸರಿಟ್ಟು ಹೇಳಿರಿ ಎಂದು ಮೇಘನಾ ಕೇಳಿದ ದಿನ ಆಕೆ ದವಡೆ ಹೋದ ಬಾಯಿಂದ ನಿಧಾನವಾಗಿ ಹೇಳಿದಳು. "ಸಾಯಾಕ ಅಂಜಿಕಿಲ್ರಿ. ಆ ಖೋಲ್ಯಾಗ ಒಬ್ಬಾಕಿನs ಇದ್ದಾಗ ಬಂದ್ರ ಹ್ಯಾಂಗ್ರಿ? ಕೈಯಾಗ ಒಂದು ಕೈಯರ ಇರಬೇಕಲ್ರಿ ಮನಷಾಗ." ತರಗತಿ ಮುಗಿದ ಮೇಲೆ ನಾನು ಆಕೆಗೆ ಮಾತು ಕೊಟ್ಟೆ. ಏನಾದರೂ ಹೆಚ್ಚುಕಡಿಮೆ ಆದರೆ ಮಗನ ಕೈಯಿಂದ ಫೋನ್ ಮಾಡಿಸು, ಎಲ್ಲಿದ್ದರೂ ಬಂದು ಕೈ ಹಿಡಿಯುತ್ತೇನೆ ಎಂದೆ. ಮಾತು ಕೊಟ್ಟರೆ ನಡೆಸುವವಳು ನಾನು. ಆದರೆ ಸಾವು ಹೇಳಿ ಬರುವುದಿಲ್ಲ ಎಂಬುದು ವೃತ್ತಿಯಿಂದ ನನಗೆ ಚೆನ್ನಾಗಿ ತಿಳಿದಿತ್ತು. ಆ ಮಾತು ಕೊಟ್ಟಾಗಲೇ ಅದರ ಮೇಲೆ ನನಗೆ ಪೂರ್ತಿ ಭರವಸೆ ಇರಲಿಲ್ಲ.

ಮುಂದಿನ ವಾರ ಮಣೂಕದ ಅಭ್ಯಾಸ. ಈ ಪದ್ಧತಿಯಲ್ಲಿ ಎಲ್ಲ ಕಡೆಯೂ ಇದನ್ನು ಮಾಡಿಸುತ್ತಾರಂತೆ. ಒಂದೇ ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡಬೇಕು, ಮುಟ್ಟಬೇಕು, ಮೂಸಬೇಕು, ಆಮೇಲೆ ನಾಲಿಗೆಯ ಮೇಲಿಟ್ಟು ಕಾಯಬೇಕು. ಮೇಘನಾ ಎಲ್ಲರಿಗೂ ಹಂಚಿ, ನನಗೂ ಒಂದು ಕೊಟ್ಟು, "ಇದನ್ನ ಹುಟ್ಟಿದಾಗಿಂದ ಕಂಡs ಇಲ್ಲ ಅನ್ನೂಹಂಗ ನೋಡ್ರಿ" ಎಂದಳು.

ಸುಂದ್ರವ್ವ ಕಿಸಕ್ಕನೆ ನಕ್ಕಳು. "ಇದನ್ನ ನೋಡಿ ನೋಡಿನs ಕಣ್ಣಿಗೆ ಚಸ್ಮಾ ಬಂದೈತ್ರಿ ಮ್ಯಾಡಮ್ಮಾರ."

"ಮಣೂಕದ ಇನ್‌ಸ್ಪೆಕ್ಟರ್ ಇಲ್ಲೇ ಕುಂತಾಳ, ನಾವೇನ್ ನೋಡೂದು? ಪಾಸೋ ಫೇಲೋ ಆಕಿನs ಹೇಳಲಿ" ಎಂದ ಅಪ್ಪಾಸಾಹೇಬ.

ನಿಜಕ್ಕೂ ಆಕೆಗೆ ಸುಮ್ಮನೆ ನೋಡುವುದು ಸಾಧ್ಯವಿರಲಿಲ್ಲ. ಅಷ್ಟು ವರ್ಷ ಆರಿಸಿದ ಬೆರಳುಗಳು ತಾವಾಗಿಯೇ ಕಾಳನ್ನು ಹೊರಳಿಸಿ ತೂಗಿಬಿಡುತ್ತಿದ್ದವು. ಪಕ್ಕದಲ್ಲಿದ್ದ ನನ್ನ ಅಂಗೈಯತ್ತ ಬಾಗಿ ನೋಡಿ, "ಬರೋಬ್ಬರಿ ಆಗೇತಿ ನೋಡ್ರಿ. ನಿಮಗ ಒಂದನೇ ನಂಬರು, ನನಗ ಆರಿಸಿ ಒಗಿಯೂದು" ಎಂದಳು. ನನ್ನದು ಉದ್ದಕ್ಕೆ, ಹಸಿರು ಹೊಳಪಿನದು; ಆಕೆಯದು ಕಪ್ಪಗೆ ಮುದುಡಿದ್ದು.

"ಒಂದನೇ ನಂಬರ ಯಾವಾಗರ ತಿಂದೀಯೇನು?" ಎಂದು ಕೇಳಿದೆ.

"ಮುಕಾದಮ ಬಿಡತಾನ್ರೇನು? ಬಾಯಾಗ ಹಾಕ್ಕೊಂಡ್ರ ಅವತ್ತs ಕೆಲಸಾ ಹೋತು. ಒಗದದ್ದು ನಮ್ಮದು, ಆರಿಸಿದ್ದು ಸಾವಕಾರ್ದು."

ನಾನು ನನ್ನದನ್ನು ಆಕೆಯ ಅಂಗೈಗೆ ಹಾಕಿ ಆಕೆಯದನ್ನು ತೆಗೆದುಕೊಂಡೆ. ಆಕೆ ಗಾಬರಿಯಾದಳು. "ನಾಲಿಗಿ ಸತ್ತ ಮ್ಯಾಲೆ ಇದನ್ನ ತಗೊಂಡು ಏನ್ ಮಾಡ್ಲ್ರಿ? ಬ್ಯಾಡ್ರಿ." ವಾರ್ಡಿನ ದನಿಯಲ್ಲಿ, "ಇಟಕೋ ಅಂದ್ರ ಇಟಕೋ" ಎಂದೆ. ಆಕೆ ಇಟ್ಟುಕೊಂಡಳು.

ಎಲ್ಲರೂ ಕಣ್ಣು ಮುಚ್ಚಿದೆವು. ಕಾಳನ್ನು ನಾಲಿಗೆಯ ಮೇಲಿಟ್ಟು, ಮೇಘನಾ ಹೇಳಿದಾಗ ಹಲ್ಲು ಊರಿದೆ. ಪೆನ್ಸಿಲಿನ ರಬ್ಬರನ್ನು ಕಚ್ಚಿದಂತಾಯಿತು. ಹುಳಿಯಿಲ್ಲ, ಸಿಹಿಯಿಲ್ಲ. ಕೆಟ್ಟ ಕಾಳು ಎಂದುಕೊಳ್ಳುತ್ತಿದ್ದಂತೆ ಪಕ್ಕದಿಂದ, "ಯವ್ವಾ" ಎಂಬ ದನಿ ಕೇಳಿಸಿತು. ಕಣ್ಣು ಬಿಟ್ಟೆ. ಸುಂದ್ರವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಸೀ ಹತ್ತಾಕತ್ತೈತ್ರಿ" ಎಂದಳು. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು, ಆ ಸಿಹಿ ಎಲ್ಲಿ ಹೊರಗೆ ಬಿದ್ದೀತೋ ಎಂಬಂತೆ ಕುಳಿತಿದ್ದಳು.

ಮನೆಗೆ ಬಂದು ಊಟಕ್ಕೆ ಕುಳಿತೆ. ಬಾಯಲ್ಲಿ ಏನೂ ಇರಲಿಲ್ಲ. ಉಪ್ಪಿನಕಾಯಿ ನೆಕ್ಕಿದೆ, ಬರೀ ಉಪ್ಪು ಇಟ್ಟುಕೊಂಡೆ, ಹಸಿಮೆಣಸಿನಕಾಯಿ ಕಚ್ಚಿದೆ. ಮೆಣಸಿನಕಾಯಿ ಸುಟ್ಟಿತು, ಅಷ್ಟೇ. ಕೊರೋನಾ ಇರಬಹುದೆಂದು ಪರೀಕ್ಷೆ ಮಾಡಿಸಿದೆ, ಇರಲಿಲ್ಲ. ಮಿರಜದ ಒಬ್ಬ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿದೆ. ಅವರು ನಾಲಿಗೆ ನೋಡಿ, ವಯಸ್ಸು ಎಂದರು, ಏನೋ ಗುಳಿಗೆ ಬರೆದರು. ಅವರನ್ನು ಬಿಟ್ಟರೆ ಮತ್ತಾರಿಗೂ ನಾನಿದನ್ನು ಹೇಳಲಿಲ್ಲ. ಸಾಯುತ್ತಿರುವವರ ನಡುವೆ ಕುಳಿತು ನನಗೆ ರುಚಿ ಹೋಗಿದೆ ಎನ್ನುವುದು ನಾಚಿಕೆಯ ಮಾತಾಗಿತ್ತು. ಮನೆಯವರಿಗೂ ತಿಳಿಯಲಿಲ್ಲ. ಅಳೆದು ಹಾಕುವವಳ ಅಡುಗೆಯಲ್ಲಿ ತಪ್ಪು ಬರುವುದಾದರೂ ಹೇಗೆ?

ಅತ್ತ ಸುಂದ್ರವ್ವ ಬದಲಾದಳು. ಗಂಟು ಕರಗಲಿಲ್ಲ, ನೋವೂ ಕಡಿಮೆಯಾಗಲಿಲ್ಲ. ಆದರೆ ಅಂಬಲಿಯನ್ನು ತಾನಾಗಿ ಕೇಳಿ ಕುಡಿಯತೊಡಗಿದಳು. ರಾತ್ರಿ ನಿದ್ದೆ ಹತ್ತಿತು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದಳು. ಕರೆಂಟಿನ ನಂತರ ತಿಂಗಳುಗಳು ಕಳೆದ ಮೇಲೆ ಕೆಲವರಿಗೆ ರುಚಿ ಮರಳುವುದುಂಟು. ಮೇಘನಾ ಹಾಗೆಯೇ ತಿಳಿದಳು, ನಾನೂ ಹಾಗೆಯೇ ತಿಳಿದೆ.

ಒಂದು ದಿನ ಬಿ.ಪಿ. ನೋಡುತ್ತಿದ್ದಾಗ ಆಕೆ ಹೇಳಿದಳು. "ಒಂದs ಒಂದು ವಿಚಿತ್ರ ಐತ್ರಿ ಅಕ್ಕಾರ. ದಿನಾ ನಸಕಿನ್ಯಾಗ ಎಚ್ಚರಾತಂದ್ರ ಬಾಯಾಗ ಮೆಂತೆದ ಕಹಿ. ಹಿಂದಿನ ಸಂಜಿಯಿಂದ ಬಾಯಾಗ ಏನೂ ಹಾಕ್ಕೊಂಡಿರಂಗಿಲ್ಲ. ಮನ್ಯಾಗ ಮೆಂತೆನs ಇಲ್ಲ."

ನನ್ನ ಕೈಯಲ್ಲಿದ್ದ ರಬ್ಬರಿನ ಉಂಡೆಯನ್ನು ಒತ್ತುವುದು ಮರೆತು ಕುಳಿತೆ. ನಾನು ಮೆಂತೆ ತಿನ್ನುವ ಸಂಗತಿ ನಮ್ಮ ಯಜಮಾನರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕಾಕತಾಳೀಯ ಎಂದು ತಳ್ಳಿಹಾಕಲು ಪ್ರಯತ್ನಿಸಿದೆ. ಆಗದೆ, ಒಮ್ಮೆ ಪರೀಕ್ಷೆ ಮಾಡಿಯೇಬಿಡೋಣ ಎಂದುಕೊಂಡೆ. ತರಗತಿಯ ಹಿಂದಿನ ದಿನ ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು ಕುಟ್ಟಿ ಚಿಗಳಿ ಮಾಡಿದೆ. ಸಣ್ಣ ಹುಡುಗಿಯರು ಕಡ್ಡಿಗೆ ಸಿಕ್ಕಿಸಿ ಚೀಪುವ ತಿನಿಸು ಅದು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲು ಹಾಕಿಕೊಂಡು, ಈ ವಯಸ್ಸಿನಲ್ಲಿ ಕಡ್ಡಿ ಹಿಡಿದು ಚೀಪಿದೆ. ನನಗೆ ಅದು ಒದ್ದೆ ಮಣ್ಣು. ಮರುದಿನ ಸುಂದ್ರವ್ವ ಚಾಪೆಯ ಮೇಲೆ ಕೂರುವ ಮೊದಲೇ ಶುರು ಮಾಡಿದಳು. "ನಿನ್ನಿ ಮಧ್ಯಾಹ್ನ ಏನಾತಂತೀರಿ! ಮಕ್ಕೊಂಡಿದ್ದೆ. ಬಾಯಿ ತುಂಬ ಚಿಗಳಿ! ಸಾಲಿ ಬಿಟ್ಟ ಮ್ಯಾಲೆ ತಿಂದಿದ್ದಿಲ್ರಿ. ಜೊಲ್ಲು ಸೋರಿ ದಿಂಬ ತೊಯ್ದೈತಿ." ಅಪ್ಪಾಸಾಹೇಬ, "ಮುದುಕಿಗೆ ಬಯಕಿ ಹತ್ತೈತಿ" ಎಂದು ಕಾಡಿಸಿದ. ಎಲ್ಲರೂ ನಕ್ಕರು. ನಾನು ಕನ್ನಡಿಗೆ ಕಟ್ಟಿದ ಚಾದರ ಸರಿಪಡಿಸುವ ನೆವದಲ್ಲಿ ಅವರತ್ತ ಬೆನ್ನು ಮಾಡಿ ನಿಂತೆ.

ಮತ್ತೆ ಪರೀಕ್ಷೆ ಮಾಡಲಿಲ್ಲ. ಧೈರ್ಯ ಬರಲಿಲ್ಲ. ಆದರೆ ಆಕೆ ಮಾತಿನ ನಡುವೆ ಏನನ್ನಾದರೂ ನೆನೆಸಿಕೊಂಡರೆ ಸಾಕು, ಆ ವಾರ ಅದನ್ನು ಮಾಡಿ ತಿನ್ನುತ್ತಿದ್ದೆ. ಮಾದಲಿ, ಸಜ್ಜಕ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾದ ಹೋಳಿಗೆ. ರಕ್ತದ ಸಕ್ಕರೆ ಏರಿತು, ಗುಳಿಗೆ ಹೆಚ್ಚಿಸಿಕೊಂಡೆ. "ಮೆಸ್ ಬಂದಾಗಿ ಖಾನಾವಳಿ ಸುರು ಆತೇನು?" ಎಂದು ಯಜಮಾನರು ಸಂತೋಷಪಟ್ಟರು. ರುಚಿಯಿಲ್ಲದ ಹೋಳಿಗೆಯನ್ನು ನಾನು ಅಗಿದು ಅಗಿದು ನಿಧಾನವಾಗಿ ನುಂಗುತ್ತಿದ್ದೆ. ಇದನ್ನು ನಂಬಿ ಮಾಡಿದೆ ಎನ್ನಲಾರೆ. ನಂಬದೆಯೂ ಮಾಡಿದೆ.

ಮಳೆಗಾಲ ಕಳೆಯುವ ಹೊತ್ತಿಗೆ ಸುಂದ್ರವ್ವ ಬಸ್ ಹತ್ತಲಾರದಷ್ಟು ಸೋತಳು. ಕುತ್ತಿಗೆಯ ಗಂಟು ಒಡೆದಿತ್ತು. ನಾನು ಆಗಾಗ ಐಗಳಿಗೆ ಹೋಗಿ ಗಾಯ ತೊಳೆದು ಬರುತ್ತಿದ್ದೆ. ಆ ಹೊತ್ತಿನಲ್ಲಿಯೂ ಆಕೆ ಕಣ್ಣು ಮುಚ್ಚಿ ಉಸಿರಿನ ಮೇಲೆ ಲಕ್ಷ್ಯ ಇಟ್ಟಿರುತ್ತಿದ್ದಳು. ಪ್ರತಿ ಸಲ ಹೊರಡುವಾಗ ಒಂದೇ ಮಾತು. "ಕೈ ಮರೀಬ್ಯಾಡ್ರಿ ಅಕ್ಕಾರ."

ಆಮೇಲೆ ಚಳಿಗಾಲದ ಒಂದು ಬೆಳಗ್ಗೆ ಎಂದಿನಂತೆ ಎದ್ದು ಅಡುಗೆಮನೆಯಲ್ಲಿ ನಿಂತು ಮೆಂತೆಕಾಳನ್ನು ಬಾಯಿಗೆ ಹಾಕಿಕೊಂಡೆ. ಅಗಿದೆ. ಕಹಿ.

ನಾಲಿಗೆಯ ಬುಡದಿಂದ ಗಂಟಲಿನವರೆಗೆ ಹಬ್ಬಿದ, ಅನುಮಾನಕ್ಕೆ ಎಡೆಯೇ ಇಲ್ಲದ ಕಹಿ. ಖುಷಿಪಡಬೇಕಾದವಳು ಸುಂದ್ರವ್ವನನ್ನು ನೆನೆದೆ. ಉಗುಳಲೂ ಇಲ್ಲ, ನೀರು ಕುಡಿಯಲೂ ಇಲ್ಲ. ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. "ನಾಷ್ಟಾ ಆಗಿಲ್ಲ, ಎತ್ತ ಹೊಂಟಿ?" ಎಂದರು ಯಜಮಾನರು. ಐಗಳಿಗೆ ಎಂದೆ. ಫೋನ್ ಬಂತೇ ಎಂದು ಕೇಳಿದರು. ಹೌದು ಎಂದೆ. ಬೇರೆ ಏನು ಹೇಳಬೇಕಿತ್ತು?

ಬಸ್ಸು ಇಳಿದು ಹೋದಾಗ ಶೋಭಾ ಅಂಗಳದಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನನ್ನನ್ನು ಕಂಡು ಬಾಯಿ ತೆರೆದಳು. "ಯಾರ ಹೇಳಿದ್ರಿ ನಿಮಗ? ಇವ್ರು ಈಗಿನ್ನ ಡಾಕ್ಟರನ್ನ ಕರಿಯಾಕ ಹೋಗ್ಯಾರ. ಫೋನ್ ಹತ್ತವಲ್ದು ಅಂದ್ರು. ನಾ ಒಬ್ಬಾಕಿ ಒಳಗ ಹೋಗಾಕ ಅಂಜಾಕತ್ತೀನ್ರಿ." ನಾನು ಅಂಗಳದಾಚೆಯ ಕೋಣೆಗೆ ಹೋದೆ.

ಉಸಿರಿನ ಸದ್ದಿನಿಂದಲೇ ತಿಳಿಯಿತು. ನಡುನಡುವೆ ನಿಲ್ಲುವ, ಮತ್ತೆ ನೆನಪಾದಂತೆ ಶುರುವಾಗುವ ಉಸಿರು ಅದು. ಕುಳಿತು ಕೈ ಹಿಡಿದೆ. ತಣ್ಣಗಿತ್ತು. ಸುಂದ್ರವ್ವ ಕಣ್ಣು ಬಿಟ್ಟಳು.

"ಬಂದ್ರ್ಯಾ."

"ಬಂದೆ."

ಸ್ವಲ್ಪ ಹೊತ್ತಿನ ನಂತರ ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ. "ಇವತ್ತ ಕಹಿ ಹತ್ತಿತಲ್ರಿ ನಿಮಗ?" ಎಂದಳು.

ಏನು ಎಂದು ಕೇಳಿದೆ, ಕೇಳಿಸಿಕೊಂಡಿದ್ದರೂ.

"ಮೆಂತೆ. ನಸಕಿನ್ಯಾಗ ಎದ್ದೆ, ಬಾಯಾಗ ಇರಲಿಲ್ಲ. ನಿಮ್ಮ ಕಡೆ ಬಂದಿರಬೇಕ ಅನಕೊಂಡೆ. ಹಂಗಾರ ಬರತಾರ ಅಂತ ದಾರಿ ನೋಡಾಕತ್ತಿದ್ದೆ." ಅಷ್ಟು ಹೇಳಲು ಆಕೆಗೆ ಬಹಳ ಹೊತ್ತು ಹಿಡಿಯಿತು. ಮತ್ತೆ ಮಾತಾಡಲಿಲ್ಲ.

ಶೋಭಾ ಹೊಸ್ತಿಲಿಗೆ ಬಂದು ನಿಂತಳು. ಕೈಯಲ್ಲಿ ಅತ್ತೆಯ ಬೇರೆಯ ಲೋಟದಲ್ಲಿ ನೀರಿತ್ತು. ನಮ್ಮಿಬ್ಬರ ಕೈಗಳನ್ನು ನೋಡಿದಳು. ಕೂಸನ್ನು ಹೊರಗೆ ಕೂರಿಸಿ, ಒಳಗೆ ಬಂದು, ಇನ್ನೊಂದು ಕೈ ಹಿಡಿದು ತಾನೇ ಬೆರಳದ್ದಿ ತುಟಿಗೆ ನೀರು ಬಿಟ್ಟಳು. ಅಂಗಳಕ್ಕೆ ಬಿಸಿಲು ಬೀಳುವ ಮೊದಲೇ ಎಲ್ಲ ಮುಗಿಯಿತು. ಮಗ ಡಾಕ್ಟರನ್ನು ಕರೆದುಕೊಂಡು ಬಂದದ್ದು ಆಮೇಲೆ.

ಇದನ್ನು ನಾನು ಮೇಘನಾಳಿಗೆ ಮಾತ್ರ ಹೇಳಿದ್ದೇನೆ. ಅವಳು ಕೇಳಿ, ಪಾಠದಲ್ಲಿ ಇದಿಲ್ಲ, ಓದಿದ್ದರಲ್ಲಿಯೂ ಇಲ್ಲ ಎಂದಳು. ನಾನೂ ನನಗೆ ತಿಳಿದದ್ದನ್ನೆಲ್ಲ ಹುಡುಕಿ ನೋಡಿದ್ದೇನೆ. ಆಕೆಗೆ ರುಚಿ ಮರಳಿದ್ದಕ್ಕೆ ಕಾರಣ ಸಿಗುತ್ತದೆ, ನನಗೆ ಹೋದದ್ದಕ್ಕೂ ಸಿಗುತ್ತದೆ. ನನ್ನ ಬಾಯಿಂದ ಮೆಂತೆಯ ವಾಸನೆ ಬರುತ್ತಿದ್ದಿರಬಹುದು, ಆಕೆಗೆ ಅದೇ ಕನಸಿನಂತೆ ಉಳಿದಿರಬಹುದು. ಚಿಗಳಿಯನ್ನು ಏನು ಮಾಡಲಿ? ಬಾಯಲ್ಲಿದ್ದ ರುಚಿ ಯಾರದು ಎಂದು ಆಕೆಗೆ ಯಾವಾಗ ತಿಳಿಯಿತು, ತಿಳಿದೂ ತಿಂಗಳುಗಟ್ಟಲೆ ಯಾಕೆ ಸುಮ್ಮನಿದ್ದಳು? ಹೇಳಬೇಕಾದವಳು ಇಲ್ಲ.

ರುಚಿ ಅಂದಿನಿಂದ ನನ್ನಲ್ಲೇ ಇದೆ, ಒಂದು ದಿನವೂ ತಪ್ಪಿಲ್ಲ. ತರಗತಿಯೂ ನಡೆದಿದೆ, ಅಪ್ಪಾಸಾಹೇಬನೂ ಈಗಿಲ್ಲ, ಹೊಸಬರು ಬಂದಿದ್ದಾರೆ. ಪ್ರತಿ ಬೆಳಗ್ಗೆ ಮೊದಲ ತುತ್ತನ್ನು ಬಾಯಿಗಿಡುವಾಗ ನಾನು ಒಂದು ಕ್ಷಣ ತಡೆಯುತ್ತೇನೆ. ಅದು ಮೇಘನಾ ಕಲಿಸಿದ ಲಕ್ಷ್ಯವಲ್ಲ, ಅಂಜಿಕೆ. ಒಂದು ದಿನ ಅಲ್ಲಿ ಏನೂ ಇರದಿದ್ದರೆ ಅದು ಯಾರ ಬಾಯಿಗೆ ಹೋಯಿತು ಎಂದು ನಾನು ಹೇಗೆ ತಿಳಿಯಲಿ, ಅದು ಮರಳಿ ಬಂದ ದಿನ ಯಾವ ಊರಿನ ಬಸ್ಸು ಹತ್ತಲಿ?